ಅಡಿಕೆ ಚಪ್ಪರದ ಹಾಡಿಗೆ ಮೈಕು ಕೊಟ್ಟರೆ ಸಾಲದು

ಖಾಲಿ ಡಬ್ಬಕ್ಕೆ ಬೀಳುವ ಮೊದಲ ಅಡಿಕೆ ಠಣ್ ಅನ್ನುತ್ತದೆ. ತಳ ಮುಚ್ಚಿದ ಮೇಲೆ ಠಕ್. ಡಬ್ಬ ತುಂಬುತ್ತ ಬಂದಾಗ ಅಡಿಕೆಗೆ ಅಡಿಕೆ ತಾಗುವ ಸಣ್ಣ ಸದ್ದಷ್ಟೆ. ಸಾಗರ ತಾಲ್ಲೂಕಿನ ನಮ್ಮೂರಲ್ಲಿ ಕೊಯ್ಲಿನ ರಾತ್ರಿ ಹತ್ತು ಹನ್ನೆರಡು ಹೆಂಗಸರು ಅಡಿಕೆ ಸುಲಿಯಲು ಚಪ್ಪರದಲ್ಲಿ ಮೆಟ್ಟುಗತ್ತಿ ಹಾಕಿಕೊಂಡು ಕೂತರೆ ಒಬ್ಬರ ಡಬ್ಬ ಠಣ್, ಇನ್ನೊಬ್ಬರದು ಠಕ್, ಮತ್ತೊಬ್ಬರದು ಸದ್ದಿಲ್ಲ. ಅದರ ಮೇಲೆ ಹಾಡು. ಯಾರೋ ಎದ್ದು ಡಬ್ಬ ಸುರುವಿ ಬಂದು ಹೊಸದಾಗಿ ಶುರುಮಾಡಿದರೆ ಆ ಠಣ್ಣಿಗೆ ಹಾಡಿನ ನಡೆಯೇ ಒಂದು ಚೂರು ಚುರುಕಾಗುತ್ತಿತ್ತು. ಚಿಕ್ಕವಳಿದ್ದಾಗ ನಾನು ಇದನ್ನೆಲ್ಲ ಕೇಳಿದ್ದೆ, ಆದರೆ ಕಿವಿಗೊಟ್ಟಿರಲಿಲ್ಲ. ಕಿವಿ ತೆರೆದದ್ದು ಲಂಡನ್ನಿಗೆ ಬಂದ ಮೇಲೆ.

ಇಲ್ಲಿ ನಮ್ಮ ಮನೆಯ ಹತ್ತಿರ ಚರ್ಚಿಗೆ ಸೇರಿದ ಒಂದು ಸಣ್ಣ ಹಾಲ್ ಇದೆ. ವಾರಕ್ಕೊಂದು ಸಂಜೆ ಅಲ್ಲಿ ಕೆಲವರು, ಹೆಚ್ಚಿನವರು ಹೆಂಗಸರೇ, ಸೇರಿ ನುಡಿಸುತ್ತಾರೆ. ಎದುರಿಗೆ ಸ್ವರ ಬರೆದ ಹಾಳೆ ಇಲ್ಲ, ಮೊದಲೇ ಮಾಡಿಕೊಂಡ ತಾಲೀಮಿಲ್ಲ. ಪಿಟೀಲು ತಂದವರಿದ್ದಾರೆ, ಬರಿಗೈಲಿ ಬಂದವರಿದ್ದಾರೆ. ಸಹೋದ್ಯೋಗಿಯೊಬ್ಬಳ ಜೊತೆ ಹೋದ ನಾನು ಮೊದಲ ದಿನ ಸುಮ್ಮನೆ ಕೂತಿದ್ದೆ. ಪಕ್ಕದಾಕೆ ಸ್ಟೀಲ್ ಬೋಗುಣಿಯೊಳಗೆ ಚಮಚ ಉರುಳಿಸತೊಡಗಿದಳು. ಆ ಸದ್ದು ಕೇಳಿದ್ದೇ ತಡ, ನನಗೇ ಗೊತ್ತಿಲ್ಲದೆ ನಮ್ಮ ಸೋಬಾನೆಯ ಸೊಲ್ಲು ಬಾಯಿಗೆ ಬಂತು. ಆಕೆ ಚಮಚದ ವೇಗ ತಗ್ಗಿಸಿ ನನಗೆ ಜಾಗ ಬಿಟ್ಟಳು. ಕಣ್ಣು ತುಂಬಿ ಬಂತು. ಯಾಕೆಂದರೆ ಹಾಗೆ ಜಾಗ ಬಿಡುವುದನ್ನು ನಾನು ನೋಡಿದ್ದು ಚಪ್ಪರದಲ್ಲಿ, ನಮ್ಮ ದೊಡ್ಡಮ್ಮನಲ್ಲಿ.

ಆಮೇಲೆ ಇದರ ಹಿಂದಿನ ಕತೆ ತಿಳಿದುಕೊಂಡೆ. 1977ರಲ್ಲಿ ಗಾಯಕಿ ಮ್ಯಾಗಿ ನಿಕಲ್ಸ್ ಮತ್ತು ಬಸೂನ್ ಎಂಬ ಊದುವ ವಾದ್ಯ ನುಡಿಸುತ್ತಿದ್ದ ಲಿಂಡ್ಸೆ ಕೂಪರ್ ಇದೇ ಊರಿನಲ್ಲಿ ‘ಫೆಮಿನಿಸ್ಟ್ ಇಂಪ್ರೊವೈಸಿಂಗ್ ಗ್ರೂಪ್’ ಕಟ್ಟಿದರು. ಆ ಹೊತ್ತಿಗೆ ಯುರೋಪಿನಲ್ಲಿ ಕೂತಲ್ಲೇ ಕಟ್ಟಿ ನುಡಿಸುವ ಸಂಗೀತಕ್ಕೆ ದೊಡ್ಡ ಹೆಸರಿತ್ತು. ಅದನ್ನು ಸ್ವಾತಂತ್ರ್ಯದ ಸಂಗೀತ ಎಂದೇ ಕರೆಯುತ್ತಿದ್ದರು. ಆದರೆ ವೇದಿಕೆಯ ಮೇಲಿದ್ದವರು ಹೆಚ್ಚುಕಡಿಮೆ ಎಲ್ಲ ಗಂಡಸರೇ. ಈ ಹೆಂಗಸರು ಪಿಯಾನೊ, ಚೆಲ್ಲೊ, ತುತ್ತೂರಿಗಳ ಜೊತೆಗೆ ಪೊರಕೆ, ಪಾತ್ರೆಪಗಡಗಳನ್ನೂ ವೇದಿಕೆಗೆ ತಂದರು. ಪಳಗಿದವರೂ ಹೊಸಬರೂ ಒಟ್ಟಿಗೆ ನಿಂತರು. ಇವರಿಗೆ ನುಡಿಸಲು ಬರುವುದಿಲ್ಲ ಎಂದು ಕೆಲವು ಗಂಡು ಸಂಗೀತಗಾರರು ದೂರಿದರು. ಸ್ವಿಟ್ಜರ್ಲೆಂಡಿನ ಐರೀನ್ ಶ್ವೈಟ್ಸರ್ ಅವರಂಥ ಪಿಯಾನೊ ವಾದಕಿ ಗುಂಪಿನಲ್ಲಿದ್ದರೂ ಆ ಮಾತು ನಿಲ್ಲಲಿಲ್ಲ.

ಈ ದೂರು ನನಗೆ ಹೊಸದಲ್ಲ. ನಮ್ಮ ಕಡೆ ತಾಳಮದ್ದಲೆಗೆ ಎಷ್ಟು ಗೌರವ! ಕೂತು ಪಾತ್ರದ ಮಾತಾಡುವ ಅರ್ಥಧಾರಿ ಕೈಯಲ್ಲಿ ಮಾತಿನ ಹಸ್ತಪ್ರತಿ ಇಲ್ಲದೆ, ಎದುರಾಳಿ ಆಡಿದ ಮಾತು ಹಿಡಿದು ಅಲ್ಲಲ್ಲೇ ಅರ್ಥ ಕಟ್ಟುತ್ತಾನೆ. ಜನ ಬೆಳಗಿನವರೆಗೂ ತಲೆದೂಗುತ್ತಾರೆ, ವಿದ್ವತ್ತು ಎನ್ನುತ್ತಾರೆ. ವಿದ್ವತ್ತೇ ಅದು, ನನಗೂ ಪ್ರಾಣ. ಆದರೆ ಮದುವೆಮನೆಯಲ್ಲಿ ಬೀಗರು ಒಳಗೆ ಕಾಲಿಡುವಷ್ಟರಲ್ಲಿ ಅವರ ಹೆಸರು, ಮೀಸೆ, ತಂದ ಸೀರೆಯ ಬಣ್ಣ ಎಲ್ಲವನ್ನೂ ಹಾಡಿಗೆ ಸೇರಿಸಿ ಹಂಗಿಸುವ ಹೆಂಗಸರದ್ದೇನು? ಅದೂ ಅದೇ ಕಸುಬು. ಅದಕ್ಕೆ ನಾವಿಟ್ಟ ಹೆಸರು ತಮಾಷೆ. ಚಪ್ಪರದಲ್ಲಿ ಹಾಡಿದರೆ ಹರಟೆ. ಕಚೇರಿ ಸಂಗೀತದಲ್ಲಿ ಅಲ್ಲಲ್ಲೇ ರಾಗ ಬೆಳೆಸುವುದಕ್ಕಿರುವ ಮನೋಧರ್ಮ ಅನ್ನುವ ಮಾತೂ ಇಲ್ಲಿ ಪೂರ್ತಿ ಒಪ್ಪುವುದಿಲ್ಲ. ಅಲ್ಲಿ ಮುಖ್ಯ ಕಲಾವಿದರ ಮನಸ್ಸು ಮುಂದೆ, ಉಳಿದವರು ಪಕ್ಕವಾದ್ಯ. ಚಪ್ಪರದಲ್ಲಿ ಒಬ್ಬಳು ಸಾಲು ಎತ್ತುತ್ತಾಳೆ, ಉಸಿರು ಸಾಲದೆ ಹೋದರೆ ಪಕ್ಕದವಳು ಮುಗಿಸುತ್ತಾಳೆ, ಮೂರನೆಯವಳು ತನ್ನ ಗಂಡನ ಮನೆಯ ಮಾತೊಂದನ್ನು ಅದರಲ್ಲಿ ಸೇರಿಸುತ್ತಾಳೆ. ಈ ಸಾಲು ಯಾರದ್ದು ಅಂತ ಕೇಳಿದರೆ ಯಾರಿಗೂ ಹೇಳಲಾಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮೂರ ಹೆಂಗಸರನ್ನು ಶಿವಮೊಗ್ಗದ ಒಂದು ಕಾರ್ಯಕ್ರಮಕ್ಕೆ ಕರೆದರು. ಸಂತೋಷದಿಂದ ಹೋದರು. ಐದು ನಿಮಿಷ, ಒಂದೇ ಬಣ್ಣದ ಸೀರೆ, ಸಾಲಾಗಿ ನಿಲ್ಲಬೇಕು, ಎರಡು ಮೈಕು. ‘ಮುಖ್ಯ ಗಾಯಕಿ ಯಾರು?’ ಎಂದು ಕೇಳಿ ಒಂದು ಹೆಸರು ಬರೆದುಕೊಂಡರು. ಜೊತೆಗೆ ಕೀಬೋರ್ಡ್. ಹನ್ನೊಂದು ಜನ ಹಾಡಿದರು, ಕೇಳಿಸಿದ್ದು ಇಬ್ಬರದು. ಪ್ರಮಾಣಪತ್ರ ಬಂದದ್ದು ಒಬ್ಬಳ ಹೆಸರಿಗೆ. ವಾಪಸು ಬರುವಾಗ ಬಸ್ಸಿನಲ್ಲಿ ಆ ಅಕ್ಕ ಅದನ್ನು ಮಡಚಿ ಸಂಚಿಯಲ್ಲಿಟ್ಟು ಯಾರ ಮುಖವನ್ನೂ ನೋಡಲಿಲ್ಲವಂತೆ. ದೊಡ್ಡಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ: “ನಿಂತ್ಕಂಡು ಒಬ್ರ ಮುಖ ಒಬ್ರು ನೋಡ್ದೆ ಹೆಂಗೆ ಹಾಡೂದು ತಂಗಿ?”

ಒಬ್ಬರ ಮುಖ ಒಬ್ಬರು ನೋಡುವುದೇ ಆ ಹಾಡಿನ ವ್ಯಾಕರಣ. ನಾವು ಹಾಡನ್ನು ಮಾತ್ರ ವೇದಿಕೆಗೆ ಹತ್ತಿಸಿ, ಹಾಡುವ ಬಗೆಯನ್ನು ಕೆಳಗೇ ಬಿಟ್ಟೆವು. ಸಾಗರದ ಕಡೆ ಹೆಂಗಸರ ಡೊಳ್ಳು ತಂಡಗಳಿವೆ, ಹೆಂಗಸರ ಯಕ್ಷಗಾನ ಮೇಳಗಳಿವೆ, ಅವರನ್ನು ನೋಡಿದರೆ ನನಗೆ ಹೆಮ್ಮೆ. ಅಲ್ಲಿ ಹೆಂಗಸರು ಗಂಡಸರ ವಾದ್ಯವನ್ನು ಗೆದ್ದುಕೊಂಡರು. ಹೆಂಗಸರದ್ದೇ ಆದ ಕೂಡಿ ಕಟ್ಟುವ ಬಗೆಗೆ ಅಂಥ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಅಮೆರಿಕದ ಸಂಗೀತ ಸಂಯೋಜಕಿ ಪಾಲೀನ್ ಆಲಿವೆರೋಸ್ (1932–2016) ಕೇಳುವುದನ್ನೇ ಸಂಗೀತದ ಬುಡ ಎಂದು ತಿಳಿದಿದ್ದವರು. 1970ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಹೆಂಗಸರದ್ದೇ ಒಂದು ಗುಂಪು ಕೂಡಿಸಿ, ಸ್ವರ ಬರೆಯದೆ ಬರೀ ಮಾತಿನ ಸೂಚನೆ ಕೊಟ್ಟು, ಸಂಗೀತ ಓದಲು ಬಾರದವರೂ ಸೇರುವಂತೆ ಮಾಡಿದರು. 1988ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ನೆಲದಡಿ 14 ಅಡಿ ಆಳದ ಖಾಲಿ ನೀರಿನ ತೊಟ್ಟಿಗೆ ಇಳಿದು ಅಕಾರ್ಡಿಯನ್ ನುಡಿಸಿದರು. ಅಲ್ಲಿ ಒಂದು ಸದ್ದು ಅಡಗಲು 45 ಸೆಕೆಂಡು ಬೇಕು. ಮುಂದಿನ ಸ್ವರ ಹಾಕುವ ಮೊದಲು ಹಿಂದಿನದು ಎಲ್ಲಿದೆ ಎಂದು ಕೇಳಲೇಬೇಕು. ಇದನ್ನು ತಿಳಿದಾಗ ನೆನಪಾದದ್ದು ಗದ್ದೆ ನಾಟಿ. ತಲೆ ಬೆನ್ನು ಮುಚ್ಚುವ ಗೊರಬಿನ ಮೇಲೆ ಮಳೆ ಬಡಿಯುತ್ತಿದ್ದರೆ ಕಿವಿಗೆ ತನ್ನ ಗೊರಬಿನ ಸದ್ದೇ ದೊಡ್ಡದು. ಆಚೆ ಬದುವಿನವರು ಹಾಡಿನ ಸಾಲು ಮುಗಿಸಿದ್ದು ಕೇಳಬೇಕಾದರೆ ಈಚೆಯವರು ಬಾಯಿ ಕಟ್ಟಿ, ತಲೆ ಸ್ವಲ್ಪ ಓರೆ ಮಾಡಿ ಕಾಯಬೇಕಿತ್ತು. ನಟ್ಟಿಗೆ ಹೋಗುವ ಹುಡುಗಿಯರು ಆ ಕಾಯುವುದನ್ನು ಮೊದಲು ಕಲಿಯುತ್ತಿದ್ದರು, ಹಾಡು ಆಮೇಲೆ.

ಹಾಗಂತ ನಮ್ಮ ಚಪ್ಪರವನ್ನು ಸ್ವರ್ಗ ಮಾಡಲಾರೆ. ಅಲ್ಲಿದ್ದವರು ಡಬ್ಬದ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದರು, ನಿದ್ದೆ ತಡೆಯಲು ಹಾಡುತ್ತಿದ್ದರು. ಬೆರಳ ತುಂಬ ಕಪ್ಪು ಕಲೆ, ಒಮ್ಮೊಮ್ಮೆ ಗಾಯ. ಜಗುಲಿಯ ಮೇಲೆ ಕೂತ ತೋಟದ ಮನೆಯವರು ಅಂಗಳದವರ ಹಾಡಿಗೆ ದನಿ ಸೇರಿಸಿದ್ದನ್ನು ನಾನು ನೋಡಿದ್ದು ಕಡಿಮೆ. ಜಾತಿಯ ಗೆರೆ ದಾಟುವ ಶಕ್ತಿ ಹಾಡಿಗಿತ್ತು, ಜಗುಲಿ ಇಳಿಯುವ ಮನಸ್ಸು ನಮಗಿರಲಿಲ್ಲ. ಲಂಡನ್ನಿನ ಹಾಲಿನಲ್ಲಿ ನುಡಿಸಿದ ಮೇಲೆ ಚಹಾ ಕುಡಿಯುತ್ತ ಮಾತಾಡುತ್ತಾರೆ: ಇವತ್ತು ಯಾರು ಜಾಸ್ತಿ ಜಾಗ ತಿಂದರು, ಯಾರ ದನಿ ಕೇಳಲೇ ಇಲ್ಲ ಎಂದು. ಮೊದಮೊದಲು ಮುಜುಗರವಾಗುತ್ತಿತ್ತು. ಈಗ ಅನಿಸುತ್ತದೆ, ನಮ್ಮ ಅಂಗಳದಲ್ಲಿ ಇಲ್ಲದೆ ಹೋದದ್ದು ಈ ಮಾತೇ. ಇಲ್ಲಿನ ಹಾಲಿನಲ್ಲಿ ಇಲ್ಲದ್ದು ನಮ್ಮೂರಲ್ಲಿತ್ತು: ಎಂಬತ್ತರ ಅಜ್ಜಿ, ಎಂಟರ ಮೊಮ್ಮಗಳು, ಮಡಿಲಲ್ಲಿ ಮಲಗಿದ ಕೂಸು. ಇಲ್ಲಿಗೆ ಬರುವವರು ಸಂಜೆ ಬಿಡುವಿದ್ದವರು, ಮಗುವನ್ನು ಎಲ್ಲೋ ಬಿಟ್ಟು ಬಂದವರು.

ಈಗ ನಮ್ಮೂರಲ್ಲೂ ಸುಲಿಯುವ ಯಂತ್ರ ಬಂದಿದೆ. ಬಂದದ್ದು ಒಳ್ಳೆಯದೇ ಆಯಿತು, ಬೆರಳು ಉಳಿದವು. ಆದರೆ ಅದರ ಗದ್ದಲದಲ್ಲಿ ಹಾಡಲಾಗುವುದಿಲ್ಲ. ಜಾನಪದ ಸಂಗ್ರಹ ಎಂದು ಹಾಡು ಬರೆದಿಟ್ಟರೆ ಸಾಹಿತ್ಯ ಉಳಿಯುತ್ತದೆ, ಕೂಡುವ ರೀತಿ ಉಳಿಯುವುದಿಲ್ಲ. ನಾನು ಕೇಳುವುದು ದೊಡ್ಡದೇನಲ್ಲ. ಹೆಗ್ಗೋಡಿನಲ್ಲೋ ತೀರ್ಥಹಳ್ಳಿಯಲ್ಲೋ, ನಾಟಕಕ್ಕೆ ಊರೇ ಕೂಡುವ ನಮ್ಮ ಸೀಮೆಯಲ್ಲಿ ತಿಂಗಳಿಗೊಂದು ಸಂಜೆ. ಬಂದ ಹೆಂಗಸರಿಗೆಲ್ಲ ಒಂದು ದಿನದ ಕೂಲಿ, ಸಮಸಮ. ಸಾಲು ಬೇಡ, ಸುತ್ತಲೂ ಚಾಪೆ, ನಡುವೆ ರೆಕಾರ್ಡರ್. ಪಿಟೀಲು ಕಲಿತ ಹುಡುಗಿಯರು, ಲ್ಯಾಪ್‌ಟಾಪಿನಲ್ಲಿ ಸದ್ದು ಕಟ್ಟುವ ಹುಡುಗಿಯರು ಬರಲಿ, ಹಾಡು ಒಯ್ಯಲು ಅಲ್ಲ, ಹಾಡಿನೊಳಗೆ ಕೂರಲು. ಧ್ವನಿಮುದ್ರಣ ಹೊರಬಂದರೆ ಅದರ ಮೇಲೆ ಕೂತಿದ್ದವರ ಹೆಸರೆಲ್ಲ ಇರಲಿ.

ಹೋದ ವಾರ ದೊಡ್ಡಮ್ಮನಿಗೆ ಇದನ್ನೇ ಹೇಳಿದೆ. “ಎಂತ ಮಾರಾಯ್ತಿ, ಅಡಿಕೆ ಇಲ್ದೆ ಸುಮ್ನೆ ಕೂತ್ಕಂಡು ಹಾಡೂದಾ? ಕೈಗೆ ಎಂತ ಕೆಲ್ಸ?” ಅಂದಳು. ಸ್ವಲ್ಪ ಹೊತ್ತು ಬಿಟ್ಟು, ಅಟ್ಟದ ಮೇಲೆ ಹಳೇ ಡಬ್ಬ ನಾಲ್ಕೈದು ಇರಬೇಕು, ತುಕ್ಕು ಹಿಡಿದಿದೆಯೋ ಏನೋ ನೋಡ್ತೇನೆ ಅಂದಳು.