ಮೊದಲು ಟ್ಯಾಂಕ್, ಆಮೇಲೆ ಫೈಟರ್ ಮೀನು

ಫೈಟರ್ ಮೀನು ತರಬೇಕು ಅಂತ ಯೋಚನೆ ಮಾಡುತ್ತಿದ್ದೀರಾ? ದಯವಿಟ್ಟು ಇನ್ನೊಂದು ತಿಂಗಳು ತಡೆಯಿರಿ. ಅಷ್ಟರೊಳಗೆ ಅದಕ್ಕೊಂದು ಟ್ಯಾಂಕ್ ತಂದು, ನೀರು ತುಂಬಿ, ಆ ನೀರು ಹದಕ್ಕೆ ಬರಲು ಬಿಡಿ. ಮೀನು ಕೊನೆಗೆ ಬರಲಿ. ನಮ್ಮಲ್ಲಿ ನಡೆಯುವುದು ಇದರ ಉಲ್ಟಾ. ಅಂಗಡಿಯಲ್ಲಿ ಬಾಲ ಹರಡಿಕೊಂಡ ನೀಲಿ ಮೀನು ಕಣ್ಣಿಗೆ ಬೀಳುತ್ತದೆ. ಮಗು ಹಠ ಹಿಡಿಯುತ್ತದೆ. ಮೀನಿನ ಜೊತೆ ಒಂದು ಗಾಜಿನ ಬೌಲ್, ಒಂದು ಹಿಡಿ ಬಣ್ಣದ ಕಲ್ಲು, ಒಂದು ಡಬ್ಬಿ ಫುಡ್ ಕಟ್ಟಿಸಿಕೊಂಡು ಮನೆಗೆ ಬರುತ್ತೇವೆ. ಅಲ್ಲಿಂದ ಆ ಮೀನಿನ ಕಷ್ಟ ಶುರು.

ನಾನು ಬಹಳ ವರ್ಷಗಳಿಂದ ಬೆಟ್ಟಾ, ಅಂದರೆ ಇದೇ ಫೈಟರ್ ಮೀನು, ಸಾಕುತ್ತಿದ್ದೇನೆ. ಪರಿಚಯದವರು ಫೋನ್ ಮಾಡಿ, "ಮೀನು ಊಟ ಬಿಟ್ಟಿದೆ, ತಳದಲ್ಲಿ ಮಲಗಿಬಿಟ್ಟಿದೆ, ಯಾವ ಔಷಧಿ ಹಾಕಲಿ?" ಅಂತ ಕೇಳುತ್ತಾರೆ. ಎಷ್ಟು ಲೀಟರ್ ನೀರಿನಲ್ಲಿದೆ ಅಂತ ನಾನು ತಿರುಗಿ ಕೇಳುತ್ತೇನೆ. ಬಹಳ ಸಲ ಬರುವ ಉತ್ತರ ಎರಡು ಲೀಟರ್, ಮೂರು ಲೀಟರ್. ಔಷಧಿಯ ಮಾತು ಅಲ್ಲಿಗೇ ಮುಗಿಯಿತು.

"ಇದು ಗಾಳಿ ಕುಡಿಯೋ ಮೀನು ಸಾರ್, ಇದಕ್ಕೆ ಪಂಪ್ ಬೇಡ, ಜಾಗ ಬೇಡ, ಬಾಟಲಿಯಲ್ಲೇ ಬದುಕುತ್ತೆ." ಈ ಮಾತು ಎಲ್ಲ ಕಡೆ ಕೇಳಿಸುತ್ತದೆ. ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಬೆಟ್ಟಾದ ತಲೆಯಲ್ಲಿ ಕಿವಿರಿನ ಮೇಲ್ಭಾಗಕ್ಕೆ ಲ್ಯಾಬಿರಿಂತ್ ಅನ್ನುವ ಅಂಗ ಇದೆ. ಮೀನು ಮೇಲೆ ಬಂದು ಬಾಯಿ ತುಂಬ ಗಾಳಿ ತೆಗೆದುಕೊಂಡು, ಅದರಿಂದಲೇ ಆಮ್ಲಜನಕ ಹೀರಿಕೊಳ್ಳುತ್ತದೆ. ಹಾಗಾಗಿ ಆಮ್ಲಜನಕ ಕಡಿಮೆ ಇರುವ ನೀರಿನಲ್ಲೂ ಉಸಿರು ಕಟ್ಟುವುದಿಲ್ಲ. ಆದರೆ ಅದರ ಮೈ, ಕಣ್ಣು, ಕಿವಿರು ಎಲ್ಲ ಇಪ್ಪತ್ನಾಲ್ಕು ಗಂಟೆಯೂ ಇರುವುದು ನೀರಿನಲ್ಲೇ ಅಲ್ವಾ? ಹಿಕ್ಕೆ ಹಾಕುವುದೂ ಅದರಲ್ಲೇ. ತಿನ್ನದೆ ಉಳಿದ ಕಾಳು ಕೊಳೆಯುವುದೂ ಅದರಲ್ಲೇ. ಇವೆಲ್ಲದರಿಂದ ನೀರಿಗೆ ಅಮೋನಿಯಾ ಸೇರುತ್ತದೆ, ಅದು ಕಿವಿರನ್ನು ಸುಡುತ್ತದೆ. ಮೂರು ಲೀಟರ್ ನೀರಿನಲ್ಲಿ ಅಮೋನಿಯಾ ಏರಲು ಹೆಚ್ಚು ಹೊತ್ತು ಬೇಕಿಲ್ಲ. ಗಾಳಿ ಕುಡಿಯುವ ಶಕ್ತಿ ಅದನ್ನು ಈ ವಿಷದಿಂದ ಕಾಪಾಡುವುದಿಲ್ಲ. ಬೇರೆ ಮೀನಾಗಿದ್ದರೆ ಬೇಗ ಸತ್ತು ಸುಳಿವು ಕೊಡುತ್ತಿತ್ತು. ಬೆಟ್ಟಾ ತಡೆದುಕೊಂಡು, ನಿಧಾನಕ್ಕೆ ಸಾಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಮೂರು ವರ್ಷ ಆರಾಮಾಗಿ ಬಾಳುವ ಜೀವ, ಬೌಲ್‌ನಲ್ಲಿ ಕೆಲವೇ ತಿಂಗಳಿಗೆ ಹೋಗಿಬಿಡುತ್ತದೆ. ಜನ ಮತ್ತೊಂದು ತರುತ್ತಾರೆ.

ಇದರ ತವರು ಥಾಯ್ಲೆಂಡ್. ಅಲ್ಲಿನ ಭತ್ತದ ಗದ್ದೆ, ಜೌಗು, ಕಾಲುವೆ, ಹುಲ್ಲು ಬೆಳೆದ ಹೊಂಡಗಳಲ್ಲಿ ಇರುತ್ತದೆ. 2019ರಲ್ಲಿ ಥಾಯ್ಲೆಂಡ್ ಸರ್ಕಾರ ಇದನ್ನು ತನ್ನ ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. "ಗದ್ದೆಯ ಚೂರು ನೀರಿನಲ್ಲಿ ಬದುಕುತ್ತಲ್ಲ, ಬೌಲ್ ಯಾಕೆ ಸಾಲದು?" ಅನ್ನುವವರು ಗದ್ದೆಯನ್ನು ಒಮ್ಮೆ ನೆನಪಿಸಿಕೊಳ್ಳಲಿ. ನೀರು ಮೊಣಕಾಲಿಗೂ ಬರುವುದಿಲ್ಲ, ನಿಜ. ಆದರೆ ಎಕರೆಗಟ್ಟಲೆ ಹರಡಿಕೊಂಡಿರುತ್ತದೆ. ಬಿಸಿಲಿಗೆ ಬೆಚ್ಚಗಿರುತ್ತದೆ. ಅಡಗಲು ಪೈರಿದೆ, ತಿನ್ನಲು ಹುಳುವಿದೆ. ಬೇಸಿಗೆಯಲ್ಲಿ ನೀರು ಬತ್ತಿ ಗುಂಡಿಯೊಂದರಲ್ಲಿ ಸಿಕ್ಕಿಕೊಂಡ ಮೀನು ಮಳೆಗಾಗಿ ಕಾಯುತ್ತಿರುತ್ತದೆ. ಅಂಥ ಆಪತ್ತನ್ನು ಕೆಲವು ದಿನ ತಾಳಿಕೊಳ್ಳುತ್ತದೆ ಅಂತ ಜೀವನಪೂರ್ತಿ ಅದರಲ್ಲೇ ಇಡುವುದು ಯಾವ ನ್ಯಾಯ?

ಬಾಟಲಿ ಬಂದದ್ದು ವ್ಯಾಪಾರದಿಂದ. ಗಂಡು ಬೆಟ್ಟಾಗಳು ಒಂದನ್ನೊಂದು ಕಂಡರೆ ಕಚ್ಚಾಡುತ್ತವೆ. ಹಾಗಾಗಿ ಮರಿ ಮಾಡಿಸುವವರು ಬೆಳೆದ ಗಂಡುಗಳನ್ನು ಬೇರೆ ಬೇರೆ ಬಾಟಲಿಗೆ ಹಾಕಿ ಸಾಲಾಗಿ ಇಡುತ್ತಾರೆ. ಅಂಗಡಿಯವರೂ ಅದನ್ನೇ ಮಾಡುತ್ತಾರೆ. ಮಾರಾಟ ಆಗುವವರೆಗೆ ಇಡುವ ವ್ಯವಸ್ಥೆ ಅದು. ನಾವು ಅದನ್ನೇ ಮನೆ ಅಂದುಕೊಂಡುಬಿಟ್ಟೆವು. ಇಟಲಿಯ ರೋಮ್ ನಗರ 2005ರಲ್ಲೇ ಗೋಲ್ಡ್‌ಫಿಶ್‌ಗಳನ್ನು ಗುಂಡು ಬೌಲ್‌ನಲ್ಲಿ ಇಡಬಾರದು ಅಂತ ನಿಯಮ ಮಾಡಿತು. ನಮ್ಮಲ್ಲಿ ಟೇಬಲ್ ಮೇಲಿನ ಅಲಂಕಾರ ಅಂತ ಅದೇ ಬೌಲ್ ಈಗಲೂ ಮಾರುತ್ತಾರೆ.

ಹಾಗಾದರೆ ಎಷ್ಟು ದೊಡ್ಡದು ಬೇಕು? ಕನಿಷ್ಠ 20 ಲೀಟರ್ ನೀರು. ಇದು ನನ್ನ ಖಚಿತ ಅಭಿಪ್ರಾಯ, ಅನುಭವ ಇರುವ ಬಹಳಷ್ಟು ಜನ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಅಂಗಡಿಯಲ್ಲಿ ಲೀಟರ್ ಲೆಕ್ಕ ಹೇಳುವುದಿಲ್ಲ, "ಒಂದಡಿ ಟ್ಯಾಂಕ್", "ಒಂದೂವರೆ ಅಡಿ ಟ್ಯಾಂಕ್" ಅನ್ನುತ್ತಾರೆ. ಒಂದಡಿ ಅಂದರೆ ಉದ್ದ ಮಾತ್ರ. ಅಗಲ ಆರಿಂಚು ಇರಬಹುದು, ಹನ್ನೆರಡೂ ಇರಬಹುದು. ಹಾಗಾಗಿ ಟೇಪ್ ಹಿಡಿದು ನೀವೇ ಅಳೆಯಿರಿ. ಉದ್ದ, ಅಗಲ, ಎತ್ತರ ಮೂರನ್ನೂ ಇಂಚಿನಲ್ಲಿ ಗುಣಿಸಿ 61ರಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. 12 ಇಂಚು ಉದ್ದ, 6 ಅಗಲ, 8 ಎತ್ತರದ ಟ್ಯಾಂಕ್‌ಗೆ ಅಂಚಿನವರೆಗೆ ತುಂಬಿದರೂ ಒಂಬತ್ತೂವರೆ ಲೀಟರ್ ದಾಟುವುದಿಲ್ಲ. 18 ಇಂಚು ಉದ್ದ, 10 ಅಗಲ, 10 ಎತ್ತರದ್ದು ತೆಗೆದುಕೊಂಡು, ಮೇಲೆ ಎರಡಿಂಚು ಖಾಲಿ ಬಿಟ್ಟರೂ 23 ಲೀಟರ್ ನೀರು ಹಿಡಿಯುತ್ತದೆ. ಒಂದು ಬೆಟ್ಟಾಗೆ ಇದು ಒಳ್ಳೆಯ ಮನೆ. ಟೇಬಲ್‌ನ ಒಂದು ಮೂಲೆ ಸಾಕು. ನೀರು, ಗಾಜು, ಮರಳು ಎಲ್ಲ ಸೇರಿ ಮೂವತ್ತು ಕೆಜಿ ಆದೀತು, ಗಟ್ಟಿ ಟೇಬಲ್ ಇರಲಿ. ಗಾಜಿನ ಅಡಿಗೆ ಥರ್ಮೋಕೋಲ್ ಹಾಸಿ.

ಎತ್ತರಕ್ಕಿಂತ ಉದ್ದಕ್ಕೆ ಬೆಲೆ ಕೊಡಿ. ಕಂಬದ ಹಾಗೆ ನಿಲ್ಲುವ ಟ್ಯಾಂಕ್‌ಗಳು ನೋಡಲು ಚೆಂದ. ಆದರೆ ಈ ಮೀನು ಉಸಿರಿಗಾಗಿ ಪದೇ ಪದೇ ಮೇಲೆ ಬರಬೇಕು. ಅರ್ಧಚಂದ್ರದ ಹಾಗೆ ಬಾಲ ಹರಡುವ ಹಾಫ್‌ಮೂನ್ ತರಹದ ತಳಿಗಳಿಗೆ ಬಾಲವೇ ಒಂದು ಭಾರ. ಕಾಡಿನ ಬೆಟ್ಟಾಗೆ ಬಾಲ ಚಿಕ್ಕದು, ಬಣ್ಣ ಮಂಕು. ಈ ಉದ್ದ ಬಾಲ ಮನುಷ್ಯರು ಆರಿಸಿ ಆರಿಸಿ ಬೆಳೆಸಿದ್ದು. ನಮ್ಮ ಕಣ್ಣಿಗಾಗಿ ಅಷ್ಟು ಭಾರ ಹೊರಿಸಿದ ಮೇಲೆ, ಅದು ಸುಲಭವಾಗಿ ಮೇಲೆ ಬರುವಂಥ ಜಾಗ ಕೊಡುವ ಜವಾಬ್ದಾರಿಯೂ ನಮ್ಮದೇ. ಎಂಟರಿಂದ ಹನ್ನೆರಡು ಇಂಚು ಆಳ ಸಾಕು.

ಮುಚ್ಚಳ ಇರಲೇಬೇಕು. ಬೆಟ್ಟಾ ಚೆನ್ನಾಗಿ ನೆಗೆಯುತ್ತದೆ. ಬೆಳಿಗ್ಗೆ ಎದ್ದಾಗ ನೆಲದ ಮೇಲೆ ಒಣಗಿದ ಮೀನು ನೋಡಿದವರು ಬಹಳ ಜನ ಇದ್ದಾರೆ. ಮುಚ್ಚಳದಿಂದ ಇನ್ನೊಂದು ಲಾಭವೂ ಇದೆ. ನೀರಿನ ಮೇಲಿನ ಗಾಳಿ ಬೆಚ್ಚಗೆ, ತೇವವಾಗಿ ಉಳಿಯುತ್ತದೆ. ಮೀನು ಒಳಗೆಳೆದುಕೊಳ್ಳುವುದು ಆ ಗಾಳಿಯನ್ನೇ. ಹಾಗಂತ ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಬೇಡಿ.

ಈಗ ಬಿಸಿಯ ವಿಷಯ. ನಮ್ಮ ರಾಜ್ಯದಲ್ಲಿ ಇದಕ್ಕೆ ಊರಿಗೊಂದು ಉತ್ತರ. ಬೆಟ್ಟಾಗೆ 25ರಿಂದ 28 ಡಿಗ್ರಿ ನೀರು ಬೇಕು. ಮಂಗಳೂರು, ಉಡುಪಿ, ಕಾರವಾರದವರಿಗೆ ಹೀಟರ್ ಚಿಂತೆ ಅಷ್ಟಾಗಿ ಇಲ್ಲ. ಬೆಂಗಳೂರು, ಮೈಸೂರು, ಹಾಸನದವರು ಡಿಸೆಂಬರ್, ಜನವರಿಯ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಹೊರಗೆ 15-16 ಡಿಗ್ರಿಗೆ ಇಳಿದಾಗ ಒಳಗಿನ ನೀರೂ ಮೀನಿಗೆ ಬೇಕಾದಷ್ಟು ಬೆಚ್ಚಗಿರುವುದಿಲ್ಲ. ಮೀನು ಮಂಕಾಗುತ್ತದೆ, ಊಟ ಕಡಿಮೆ ಮಾಡುತ್ತದೆ, ರೋಗ ಅಂಟಿಕೊಳ್ಳುತ್ತದೆ. ಮಡಿಕೇರಿ, ಚಿಕ್ಕಮಗಳೂರು ಕಡೆ ಮಳೆಗಾಲವೂ ತಂಪೇ. 20 ಲೀಟರ್‌ಗೆ ಥರ್ಮೋಸ್ಟಾಟ್ ಇರುವ 25 ಅಥವಾ 50 ವಾಟ್‌ನ ಹೀಟರ್ ಸಾಕು. ಬೌಲ್‌ಗೆ ಮಾತ್ರ ಹೀಟರ್ ಹಾಕಲು ಹೋಗಬೇಡಿ, ಅಷ್ಟು ಕಡಿಮೆ ನೀರು ಬೇಗ ಕಾದುಬಿಡುತ್ತದೆ. ಕಲಬುರಗಿ, ರಾಯಚೂರಿನವರಿಗೆ ಕಷ್ಟ ಇನ್ನೊಂದು ಕಡೆಯಿಂದ. 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳಲ್ಲಿ ಟ್ಯಾಂಕ್ ಮನೆಯ ತಂಪಾದ ಕೋಣೆಯಲ್ಲಿ, ಕಿಟಕಿಯಿಂದ ದೂರ ಇರಬೇಕು. ಯಾವ ಊರೇ ಆಗಲಿ, ನೀರು ಜಾಸ್ತಿ ಇದ್ದಷ್ಟೂ ಅದು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಕರೆಂಟ್ ಹೋದ ರಾತ್ರಿ ಮೀನನ್ನು ಕಾಪಾಡುವುದು ಇದೇ.

ಫಿಲ್ಟರ್ ಬೇಡ ಅನ್ನುವವರ ಮಾತು ಕೇಳಬೇಡಿ. ಚಿಕ್ಕ ಏರ್ ಪಂಪ್‌ಗೆ ಜೋಡಿಸುವ ಸ್ಪಾಂಜ್ ಫಿಲ್ಟರ್ ಬೆಟ್ಟಾಗೆ ಹೇಳಿ ಮಾಡಿಸಿದ್ದು. ಬೆಲೆಯೂ ಕಡಿಮೆ. ಜೋರು ಸೆಳೆತ ಬಿಡುವ ಪವರ್ ಫಿಲ್ಟರ್ ಬೇಡ, ಈ ಮೀನಿಗೆ ನಿಂತ ನೀರು ಇಷ್ಟ. ಪೈಪಿಗೆ ಒಂದು ವಾಲ್ವ್ ಹಾಕಿ ಗುಳ್ಳೆ ಕಡಿಮೆ ಮಾಡಿಕೊಳ್ಳಿ.

ಸ್ಪಾಂಜ್‌ನ ನಿಜವಾದ ಕೆಲಸ ಕಸ ಹಿಡಿಯುವುದಕ್ಕಿಂತ ದೊಡ್ಡದು. ಅದರ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ನೆಲೆಸುತ್ತವೆ. ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ, ಮೀನಿನ ರಕ್ತ ಆಮ್ಲಜನಕ ಹೊರುವುದನ್ನು ಅದು ತಡೆಯುತ್ತದೆ. ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಅಪಾಯದ್ದಲ್ಲ, ಗಿಡಗಳು ಹೀರಿಕೊಳ್ಳುತ್ತವೆ, ಉಳಿದದ್ದು ನಾವು ನೀರು ಬದಲಿಸಿದಾಗ ಹೋಗುತ್ತದೆ. ಈ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಮೊದಲಲ್ಲಿ ತಿಂಗಳು ತಡೆಯಿರಿ ಅಂದದ್ದು ಇದಕ್ಕೇ. ನೀರು ತುಂಬಿದ, ಮೀನಿಲ್ಲದ ಟ್ಯಾಂಕ್‌ನಲ್ಲಿ ಫಿಲ್ಟರ್ ಓಡಿಸಿ, ಎರಡು ದಿನಕ್ಕೊಮ್ಮೆ ಚಿಟಿಕೆ ಫುಡ್ ಹಾಕಿ ಕೊಳೆಯಲು ಬಿಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಏರಿ, ಆಮೇಲೆ ಸೊನ್ನೆಗೆ ಇಳಿದರೆ ಮನೆ ತಯಾರಾಯಿತು. ಆರೋಗ್ಯವಾಗಿರುವ ಟ್ಯಾಂಕ್ ಇಟ್ಟುಕೊಂಡ ಗೆಳೆಯರಿದ್ದರೆ ಅವರ ಹಳೆ ಸ್ಪಾಂಜ್‌ನ ತುಂಡು ಕೇಳಿ ತನ್ನಿ, ಕಾಯುವ ದಿನ ಬಹಳ ಕಡಿಮೆಯಾಗುತ್ತದೆ. ಸ್ಪಾಂಜ್ ಕೊಳೆಯಾದಾಗ ನಲ್ಲಿ ಕೆಳಗೆ ತೊಳೆಯಬೇಡಿ. ಟ್ಯಾಂಕ್‌ನಿಂದ ತೆಗೆದ ನೀರಿನಲ್ಲೇ ಹಿಂಡಿ. ನಲ್ಲಿಯ ಕ್ಲೋರಿನ್ ಈ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ.

ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಬಹುಪಾಲು ಹೋಗುತ್ತದೆ. ನಾನು ಮಾತ್ರ ಆಂಟಿ ಕ್ಲೋರಿನ್ ಹನಿ ಹಾಕದೆ ನೀರು ಸುರಿಯುವುದಿಲ್ಲ. ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು. ಬೆಟ್ಟಾ ಅದಕ್ಕೆ ಹೊಂದಿಕೊಳ್ಳುತ್ತದೆ, ದಿಢೀರ್ ಬದಲಾವಣೆಗೆ ಹೊಂದಿಕೊಳ್ಳುವುದಿಲ್ಲ. ಒಂದು ವಾರ ಕಾವೇರಿ, ಮುಂದಿನ ವಾರ ಟ್ಯಾಂಕರ್ ಅಂತ ಇದ್ದರೆ ಒಂದೇ ಸಲ ಜಾಸ್ತಿ ಬದಲಿಸಬೇಡಿ. ಕುಡಿಯುವ ಆರ್‌ಓ ನೀರು ಶುದ್ಧ ಅಂತ ಪೂರ್ತಿ ಅದನ್ನೇ ತುಂಬುವವರಿದ್ದಾರೆ, ಅದರಲ್ಲಿ ಮೀನಿಗೆ ಬೇಕಾದ ಖನಿಜಗಳು ಬಹಳ ಕಡಿಮೆ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿದರೆ ಸಾಕು. ಬೌಲ್ ಇಟ್ಟವರು ಮಾಡುವ ಹಾಗೆ ಎಲ್ಲ ಚೆಲ್ಲಿ, ಕಲ್ಲು ಉಜ್ಜಿ ತೊಳೆದು, ಹೊಸ ನೀರು ತುಂಬುವುದು ಮೀನಿಗೆ ಪ್ರತಿ ಸಲವೂ ಒಂದು ಆಘಾತ.

ಒಳಗೆ ಏನಿಡಬೇಕು? ನನಗೆ ತುಂಬ ಇಷ್ಟದ ಭಾಗ ಇದು. ಬೆಟ್ಟಾಗೆ ಅಡಗುವ ಜಾಗ ಬೇಕು, ನೀರಿನ ಮೇಲ್ಮೈ ಹತ್ತಿರ ಒರಗಿಕೊಳ್ಳಲು ಅಗಲ ಎಲೆ ಬೇಕು. ಅನುಬಿಯಾಸ್, ಜಾವಾ ಫರ್ನ್ ಅನ್ನುವ ನೀರಿನ ಗಿಡಗಳು ಎರಡೂ ಕಡಿಮೆ ಬೆಳಕಿನಲ್ಲಿ ಬೆಳೆಯುತ್ತವೆ. ಬೇರನ್ನು ಮರಳಿನಲ್ಲಿ ಹೂಳದೆ ಕಲ್ಲಿಗೋ ಕಟ್ಟಿಗೆಗೋ ಕಟ್ಟಿದರೆ ಸಾಕು. ಕುದಿಸಿ ಉಜ್ಜಿದ ತೆಂಗಿನ ಚಿಪ್ಪು ಒಳ್ಳೆಯ ಗುಹೆ ಆಗುತ್ತದೆ, ಅಂಚು ಮಾತ್ರ ನಯ ಮಾಡಿ. ಪ್ಲಾಸ್ಟಿಕ್ ಗಿಡ ಇಡುವುದಾದರೆ ತೆಳು ದುಪಟ್ಟಾದಿಂದ ಒಮ್ಮೆ ಸವರಿ ನೋಡಿ. ಬಟ್ಟೆ ಸಿಕ್ಕಿಕೊಂಡರೆ ಬಾಲವೂ ಹರಿಯುತ್ತದೆ. ನಮ್ಮ ಬೀದಿಗಳಲ್ಲೇ ಬೆಳೆಯುವ ಕಾಡು ಬಾದಾಮಿ ಮರದ ಒಣಗಿ ಉದುರಿದ ಎಲೆಗೆ ಬೆಟ್ಟಾ ಸಾಕುವವರಲ್ಲಿ ಬಹಳ ಬೆಲೆ ಇದೆ. ರಸ್ತೆ ಧೂಳು, ಔಷಧಿ ಸಿಂಪಡಣೆ ಇಲ್ಲದ ಕಡೆಯದನ್ನು ತೊಳೆದು ಒಂದು ಎಲೆ ಹಾಕಿ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ, ಎಲೆ ಬಿದ್ದ ಜೌಗು ನೀರು ಇರುವುದೇ ಹಾಗೆ. ಹೀಗಿರುವ ಟ್ಯಾಂಕ್‌ನಲ್ಲಿ ಗಂಡು ಮೀನು ಒಂದು ದಿನ ಮೂಲೆಯ ಎಲೆ ಕೆಳಗೆ ನೊರೆಗೂಡು ಕಟ್ಟುತ್ತದೆ. ಒಂದೊಂದೇ ಗುಳ್ಳೆ ಉಗುಳಿ ಜೋಡಿಸುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಬಾಟಲಿಯಲ್ಲಿ ಮನಿ ಪ್ಲಾಂಟ್ ಇಟ್ಟು, ಬೇರಿನ ನಡುವೆ ಫೈಟರ್ ಬಿಟ್ಟು, "ಮೀನು ಬೇರು ತಿಂದುಕೊಂಡಿರುತ್ತೆ" ಅಂತ ಹೇಳುವುದನ್ನು ಕೇಳಿದ್ದೇನೆ. ಅದು ಸುಳ್ಳು. ಬೆಟ್ಟಾ ಹುಳು, ಸೊಳ್ಳೆ ಮರಿ ತಿನ್ನುವ ಮೀನು. ಬೇರೇ ಊಟ ಅಂತ ಬಿಟ್ಟರೆ ಹಸಿವಿನಿಂದ ಸೊರಗುತ್ತದೆ. ಗಿಡ ಬಾಟಲಿಯ ಬಾಯಿ ಮುಚ್ಚಿದರೆ ಉಸಿರಿಗೂ ಜಾಗ ಇಲ್ಲ. ಎರಡು ಗಂಡುಗಳನ್ನು ಪಕ್ಕ ಪಕ್ಕದ ಬಾಟಲಿಯಲ್ಲಿಟ್ಟು ಅವು ರೆಕ್ಕೆ ಕೆದರುವುದನ್ನು ನೋಡಿ ಖುಷಿಪಡುವುದೂ ಬೇಡ. ಎದುರಾಳಿ ದಿನವಿಡೀ ಕಣ್ಣೆದುರೇ ಇದ್ದರೆ ಅದಕ್ಕೆ ನೆಮ್ಮದಿ ಎಲ್ಲಿ? ನಡುವೆ ಒಂದು ರಟ್ಟು ಇಡಿ.

ನನಗೆ ಸಿಟ್ಟು ತರಿಸುವುದು ರಿಟರ್ನ್ ಗಿಫ್ಟ್. ಹುಟ್ಟುಹಬ್ಬಕ್ಕೆ ಬಂದ ಮಕ್ಕಳಿಗೆಲ್ಲ ಪುಟ್ಟ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದೊಂದು ಫೈಟರ್ ಹಂಚಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಮಕ್ಕಳು ಡಬ್ಬಿ ಅಲ್ಲಾಡಿಸುತ್ತಾ ಕಾರು ಹತ್ತಿದರು. ಅಷ್ಟು ಮನೆಗಳಲ್ಲಿ ಟ್ಯಾಂಕ್ ಯಾರ ಮನೆಯಲ್ಲಿತ್ತು? ತಂದೆತಾಯಿಯರನ್ನು ಕೇಳಿದವರು ಯಾರು? ಮಕ್ಕಳಿಗೆ ಪ್ರಾಣಿಗಳ ಮೇಲೆ ಪ್ರೀತಿ ಬರಲಿ ಅನ್ನುವುದು ಒಳ್ಳೆಯ ಆಸೆ. ಆದರೆ ವಾರದೊಳಗೆ ಸಾಯುವ ಮೀನಿನಿಂದ ಮಗು ಕಲಿಯುವುದು, ಜೀವ ಹೋದರೆ ಇನ್ನೊಂದು ತರಬಹುದು ಅನ್ನುವುದನ್ನೇ. ಗಿಡ ಕೊಡಿ, ಪುಸ್ತಕ ಕೊಡಿ, ಮೀನು ಕೊಡಬೇಡಿ.

ಮೀನಿಗಿಂತ ಮನೆಗೇ ಹತ್ತಾರು ಪಟ್ಟು ಖರ್ಚು ಅಂತ ಹಿಂಜರಿಯುವವರಿದ್ದಾರೆ. ಖರ್ಚು ಹೌದು, ಒಪ್ಪುತ್ತೇನೆ. ಎಲ್ಲರ ಕೈಯಲ್ಲೂ ಒಂದೇ ಸಲ ಆಗುವುದಿಲ್ಲ. ಗಾಜಿನದೇ ಆಗಬೇಕು ಅಂತ ಇಲ್ಲ. ಪಾತ್ರೆ ಅಂಗಡಿಯಲ್ಲಿ ಸಿಗುವ, ಆಹಾರ ಪದಾರ್ಥ ಇಡಲು ಯೋಗ್ಯವಾದ 25-30 ಲೀಟರ್‌ನ ಪ್ಲಾಸ್ಟಿಕ್ ಟಬ್ ನಡೆಯುತ್ತದೆ. ಮೀನಿಗೆ ಹೊರಗಿನ ಅಂದ ಮುಖ್ಯ ಅಲ್ಲ, ಒಳಗಿನ ನೀರು ಮುಖ್ಯ. ಟಬ್‌ನಲ್ಲಿ ಸ್ಪಾಂಜ್ ಫಿಲ್ಟರ್, ಎರಡು ಗಿಡ, ಮೇಲೆ ಬಲೆಯ ಮುಚ್ಚಳ ಇದ್ದರೆ ಬಣ್ಣದ ಲೈಟಿನ ಬೌಲ್‌ಗಿಂತ ಎಷ್ಟೋ ಮೇಲು.

ಈಗಾಗಲೇ ಬೌಲ್‌ನಲ್ಲಿ ಮೀನು ಇರುವವರು ಈ ಭಾನುವಾರವೇ ಅಂಥದ್ದೊಂದು ಟಬ್ ತನ್ನಿ. ತಿಂಗಳು ಕಾಯುವ ನಿಯಮ ನಿಮಗೆ ಬೇಡ, ಬೌಲ್‌ನಲ್ಲಿ ಇರುವುದಕ್ಕಿಂತ ಹೊಸ ಟಬ್‌ನಲ್ಲಿ ಇರುವುದೇ ವಾಸಿ. ಕ್ಲೋರಿನ್ ತೆಗೆದ ನೀರು ತುಂಬಿ, ಬೌಲ್‌ನ ನೀರಿನಷ್ಟೇ ಬೆಚ್ಚಗಿದೆಯಾ ನೋಡಿ. ಮೀನನ್ನು ಅದರ ಹಳೆ ನೀರಿನ ಸಮೇತ ಒಂದು ಡಬ್ಬಿಗೆ ಹಾಕಿ, ಅರ್ಧ ಗಂಟೆಯ ಉದ್ದಕ್ಕೂ ಹೊಸ ನೀರು ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಹೋಗಿ. ಆಮೇಲೆ ಮೀನನ್ನು ಮಾತ್ರ ಟಬ್‌ಗೆ ಬಿಡಿ, ಹಳೆ ನೀರು ಚೆಲ್ಲಿ. ಆ ದಿನ ಲೈಟ್ ಬೇಡ, ಊಟವೂ ಬೇಡ. ಮರುದಿನದಿಂದ ಎರಡು ಮೂರು ಕಾಳು ಹಾಕಿ, ತಿನ್ನದೆ ಉಳಿದದ್ದನ್ನು ತೆಗೆದುಬಿಡಿ. ಬ್ಯಾಕ್ಟೀರಿಯಾ ನೆಲೆಸುವವರೆಗೆ ದಿನ ಬಿಟ್ಟು ದಿನ ಕಾಲು ಭಾಗ ನೀರು ಬದಲಿಸಿ. ಮೊದಲ ಎರಡು ಮೂರು ದಿನ ಗಿಡದ ಹಿಂದೆ ಅಡಗಿಕೊಂಡರೆ ಕೋಲು ಹಾಕಿ ಕೆದಕಬೇಡಿ, ಅದರ ಪಾಡಿಗೆ ಬಿಡಿ.