ಅವಳು ಬರೆದ ಕಾಗದಗಳು ಎಲ್ಲಿ ಹೋದವು?

ಯುದ್ಧಕಾಲದ ಪತ್ರಗಳು ಅಂದರೆ ನಮಗೆ ಓದಲು ಸಿಗುವುದು ಹೆಚ್ಚಾಗಿ ಸೈನಿಕ ಬರೆದದ್ದು. ಅವು ಮನೆಗೆ ಬಂದವು, ಟ್ರಂಕಿನಲ್ಲಿ ಜೋಪಾನವಾಗಿ ಉಳಿದವು. ಹೆರಿಗೆಯಾಗಿ ತಿಂಗಳೂ ತುಂಬದ ಹೆಂಡತಿ, ಮಗುವನ್ನು ಮಲಗಿಸಿ ರಾತ್ರಿ ಕೂತು ಬರೆದದ್ದು? ಅದನ್ನು ಯಾರೂ ಅಷ್ಟಾಗಿ ಹುಡುಕುವುದೇ ಇಲ್ಲ. ನನಗೆ ಇದು ದೊಡ್ಡ ಅನ್ಯಾಯ ಅನಿಸುತ್ತದೆ.

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಹಡಗು, ವಿಮಾನಗಳಲ್ಲಿ ಟಪಾಲಿಗೆ ಜಾಗ ಸಾಲುತ್ತಿರಲಿಲ್ಲ. ಅದಕ್ಕೆ 1942ರ ಜೂನ್‌ನಲ್ಲಿ ವಿ-ಮೇಲ್ ಶುರುವಾಯಿತು. ಗೊತ್ತುಮಾಡಿದ ಒಂದೇ ಹಾಳೆಯಲ್ಲಿ ಬರೆಯಬೇಕು. ಅದನ್ನು ಮೈಕ್ರೋಫಿಲ್ಮಿಗೆ ಇಳಿಸಿ, ಆ ರೀಲು ಕಳಿಸಿ, ಅಲ್ಲಿ ಮತ್ತೆ ಪ್ರಿಂಟ್ ಹಾಕಿ ಹಂಚುತ್ತಿದ್ದರು. ಒಂದೂವರೆ ಲಕ್ಷ ಕಾಗದಕ್ಕೆ 37 ಚೀಲ ಬೇಕಿದ್ದ ಕಡೆ ಒಂದು ಚೀಲ ಸಾಕಾಯಿತು. ಸೈನಿಕನ ಕೈಗೆ ಬರುತ್ತಿದ್ದುದು ಅಂಗೈಯಗಲದ ಪ್ರಿಂಟ್.

ಆ ಹಾಳೆಯ ಜೊತೆ ಏನನ್ನೂ ಇಟ್ಟು ಕಳಿಸುವ ಹಾಗಿರಲಿಲ್ಲ. ಆದರೆ ಮಗುವಿನ ಫೋಟೋಗೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಮಗುವಿಗೆ ವರ್ಷ ತುಂಬಿರಬಾರದು, ಇಲ್ಲವೇ ಅಪ್ಪ ಹೊರಟ ಮೇಲೆ ಹುಟ್ಟಿರಬೇಕು. ಹಾಳೆಯ ಮೇಲ್ಭಾಗದ ಎಡಗಡೆ ಫೋಟೋ ಇರಬೇಕು, ಅದರಲ್ಲಿ ತಾಯಿಯೂ ಇರಬಹುದು. ಈ ನಿಯಮ ಬರೆದವರು ಯಾರೋ ಗೊತ್ತಿಲ್ಲ, ಅವರಿಗೆ ನನ್ನ ನಮಸ್ಕಾರ. ಮೊದಲೇ ಚಿಕ್ಕ ಫೋಟೋ, ಪ್ರಿಂಟಿನಲ್ಲಿ ಇನ್ನೂ ಚಿಕ್ಕದಾಗುತ್ತಿತ್ತು. ಮೂಗು ಯಾರದು, ಕಣ್ಣು ಯಾರದು ಅಂತ ಅಪ್ಪ ಅಷ್ಟರಲ್ಲೇ ಹುಡುಕಬೇಕು. ಅವನಿಗೆ ಅದೇ ಮೊದಲ ದರ್ಶನ ಅಲ್ವಾ?

ಹೆಂಗಸರು ಹಾಳೆಗೆ ಮುತ್ತು ಕೊಟ್ಟು ಲಿಪ್‌ಸ್ಟಿಕ್ ಗುರುತು ಬಿಡುತ್ತಿದ್ದರು. ಆ ಬಣ್ಣ ಅಂಟಿಕೊಂಡು ಯಂತ್ರಗಳು ಕೆಡುತ್ತಿದ್ದವು. ಹಾಗೆ ಮಾಡಬೇಡಿ ಅಂತ ಕೇಳಿಕೊಂಡರು. ಯಂತ್ರ ನಡೆಸುವವರ ಕಷ್ಟ ಅರ್ಥವಾಗುತ್ತದೆ. ಅವಳಿಗೂ ಕಳಿಸಲು ಬೇರೆ ಏನಿತ್ತು ಹೇಳಿ.

ಇನ್ನು ಅವನ ಕಾಗದ. ಅದನ್ನು ಅವನದೇ ತುಕಡಿಯ ಅಧಿಕಾರಿ ಓದಿ, ಬೇಡದ್ದನ್ನು ಕತ್ತರಿಸಿ ಕಳಿಸುತ್ತಿದ್ದ. ಎಲ್ಲಿದ್ದೇನೆ, ಎಲ್ಲಿಗೆ ಹೊರಟಿದ್ದೇನೆ ಅಂತ ಬರೆಯುವ ಹಾಗಿಲ್ಲ. ಹೆಂಡತಿಗೆ ನಾಲ್ಕು ಪ್ರೀತಿಯ ಮಾತು ಬರೆಯಲೂ ಸಂಕೋಚ. ಹಾಗಾಗಿ 'ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡ' ಅಂತ ಮುಗಿಸಿದವರೇ ಜಾಸ್ತಿ ಇದ್ದಿರಬೇಕು. ಹಲ್ಲು ಬಂದದ್ದು, ಜ್ವರ ಇಳಿದದ್ದು, ಸಕ್ಕರೆಗೆ ರೇಷನ್ ಬಂದದ್ದು, ಇವೆಲ್ಲ ಇದ್ದದ್ದು ಅವಳ ಕಾಗದದಲ್ಲಿ.

ಆ ಕಾಗದ ತಲುಪುವುದೂ ಸುಲಭವಿರಲಿಲ್ಲ. 1945ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಗೋದಾಮುಗಳಲ್ಲಿ ಟಪಾಲು ಸೂರಿನವರೆಗೆ ಬಿದ್ದಿತ್ತು. ಕೆಲವಂತೂ ವರ್ಷಗಟ್ಟಲೆ ಹಳೆಯವು. ಅಂದರೆ ಮಗು ಹುಟ್ಟಿತು ಅಂತ ಬರೆದ ಕಾಗದ ತಲುಪುವಷ್ಟರಲ್ಲಿ ಮಗು ಓಡಾಡುತ್ತಿರಬಹುದು. ಅದನ್ನು ವಿಂಗಡಿಸಲು ಬಂದದ್ದು ಅಮೆರಿಕದ ಸೇನೆಯ 6888ನೇ ಬೆಟಾಲಿಯನ್. ಕಪ್ಪು ಮಹಿಳೆಯರ ಪಡೆ, ಮುಖ್ಯಸ್ಥೆ ಮೇಜರ್ ಚಾರಿಟಿ ಆಡಮ್ಸ್. ಸುಮಾರು 70 ಲಕ್ಷ ಕಾರ್ಡುಗಳ ಪಟ್ಟಿ ಇಟ್ಟುಕೊಂಡು, ರಾಬರ್ಟ್ ಸ್ಮಿತ್ ಅನ್ನುವ ಒಂದೇ ಹೆಸರಿನ ಸಾವಿರಾರು ಜನರಲ್ಲಿ ಸರಿಯಾದವನನ್ನು ಹುಡುಕಿ ಕಳಿಸಿದರು. ಆರು ತಿಂಗಳು ಹಿಡಿಯುತ್ತದೆ ಅಂದಿದ್ದ ಕೆಲಸವನ್ನು ಮೂರೇ ತಿಂಗಳಲ್ಲಿ ಮುಗಿಸಿದರು. ಇವರಿಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಚಿನ್ನದ ಪದಕ ಘೋಷಣೆಯಾಗಲು 2022 ಬರಬೇಕಾಯಿತು.

ತಲುಪಿದ ಮೇಲಾದರೂ ಉಳಿಯಿತಾ? ಇಡೀ ಸಂಸಾರ ಬೆನ್ನ ಮೇಲೆ ಹೊತ್ತು ನಡೆಯುವವನು ಎಷ್ಟು ಕಾಗದ ಇಟ್ಟುಕೊಂಡಾನು? ಮಳೆ, ಕೆಸರು ಬೇರೆ. ಕೊನೆಗೆ ಅವನ ಮಾತು ಉಳಿಯಿತು, ಅವಳದ್ದು ಹೋಯಿತು.

ನಮ್ಮಲ್ಲೂ ಬೇರೆ ಥರ ಏನಲ್ಲ. ಕೊಡಗು, ಬೆಳಗಾವಿ ಕಡೆ 'ಕೇರ್ ಆಫ್ 56 ಎಪಿಒ' ಅಂತ ಸೇನೆಯ ಅಂಚೆ ಕಚೇರಿಯ ವಿಳಾಸ ಬರೆದ ಕೈಗಳು ಎಷ್ಟೋ ಇವೆ. ನಮ್ಮ ದೊಡ್ಡಪ್ಪ 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ದರು. ಅವರ ಇನ್‌ಲ್ಯಾಂಡ್ ಲೆಟರುಗಳ ಕಟ್ಟು ಇವತ್ತಿಗೂ ದೊಡ್ಡಮ್ಮನ ಬೀರುವಿನಲ್ಲಿದೆ. ದೊಡ್ಡಮ್ಮ ಬರೆದದ್ದು ಒಂದೂ ಇಲ್ಲ. ಕೇಳಿದ್ದಕ್ಕೆ ಹೇಳಿದರು: "ಜಾಗ ಸಾಲದೆ ಮಡಚೋ ಅಂಚಿನ ಮೇಲೂ ಬರೀತಿದ್ದೆ ಕಣೋ. ನಿಮ್ಮಕ್ಕ ಆಗ ಕೂಸು, ಅವಳ ಕೈಯನ್ನ ಹಾಳೆ ಮೇಲೆ ಇಟ್ಟು ಸುತ್ತ ಪೆನ್ನಲ್ಲಿ ಗೆರೆ ಎಳೆದು ಕಳಿಸಿದ್ದೆ. ಅವಳು ಮುಷ್ಟಿ ಬಿಡಿಸಬೇಕಲ್ಲ! ನಾಲ್ಕು ಬೆರಳಷ್ಟೇ ಬಂತು." ದೊಡ್ಡಪ್ಪ ವಾಪಸ್ ಬರೆದದ್ದು ಕಟ್ಟಿನಲ್ಲಿದೆ: "ಹೆಬ್ಬೆರಳು ಎಲ್ಲಿ?" ದೊಡ್ಡಮ್ಮನ ಮಾತು ಕೇಳದೆ ಹೋಗಿದ್ದರೆ ಆ ಸಾಲು ನನಗೆ ತಲೆಬುಡ ಅರ್ಥವಾಗುತ್ತಿರಲಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಅಂಥ ಕಟ್ಟು ಇದ್ದರೆ, ಬರೆದ ಅಮ್ಮನೋ ಅಜ್ಜಿಯೋ ಇನ್ನೂ ಇದ್ದರೆ, ಜೊತೆಗೆ ಕೂತು ಒಂದೊಂದೇ ಕಾಗದ ಓದಿ ಹೇಳಿ. ಇದಕ್ಕೆ ನೀನು ಏನು ಬರೆದಿದ್ದೆ ಅಂತ ಕೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಕಾಗದಗಳ ಫೋಟೋ ತೆಗೆದು ತಾರೀಕು ಹಾಕಿ ಅದರ ಜೊತೆಗೇ ಇಡಿ. ಹರಿದ ಕಡೆ ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ, ಕಾಗದ ಹಾಳಾಗುತ್ತದೆ.