ಅಣ್ಣನಿಗೆ ಕರುಳಿನ ಕ್ಯಾನ್ಸರ್ ಅಂದರೆ ತಂಗಿಗೂ ಹೇಳಿ

ನಲವತ್ತರ ಆಸುಪಾಸಿನಲ್ಲಿ ಯಾರಿಗಾದರೂ ದೊಡ್ಡಕರುಳಿನ ಕ್ಯಾನ್ಸರ್ ಬಂದರೆ ನಮ್ಮ ಮನೆಗಳಲ್ಲಿ ಮೊದಲು ಬಾಯಿ ಮುಚ್ಚಿಕೊಳ್ಳುತ್ತಾರೆ. "ಮದುವೆಗೆ ಬಂದ ಹುಡುಗಿ ಇದ್ದಾಳೆ, ಸುಮ್ನೆ ಯಾಕೆ ಊರಿಗೆಲ್ಲ ಡಂಗುರ?" ಸರಿ, ಊರಿಗೆ ಬೇಡ. ಆದರೆ ಆ ಹುಡುಗಿಗೂ ಹೇಳುವುದಿಲ್ಲ ಅಲ್ವಾ, ನನ್ನ ತಕರಾರು ಅದು.

ಕರುಳಿನ ಕ್ಯಾನ್ಸರ್ ಎಲ್ಲವೂ ವಂಶದಿಂದ ಬರುವುದಿಲ್ಲ. ಹಾಗೆ ಬರುವುದರಲ್ಲಿ ಜಾಸ್ತಿ ಕಾಣುವುದು ಲಿಂಚ್ ಸಿಂಡ್ರೋಮ್ ಅನ್ನುವ ಕಾಯಿಲೆ. ಇದರಲ್ಲಿ ಡಿಎನ್‌ಎ ನಕಲಾಗುವಾಗ ಆಗುವ ತಪ್ಪು ತಿದ್ದುವ ಜೀನ್ ಒಂದು ಕೆಟ್ಟಿರುತ್ತದೆ. ಅಪ್ಪನಲ್ಲೋ ಅಮ್ಮನಲ್ಲೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ 50%. ಅದೇ ಜೀನ್‌ನಿಂದ ಹೆಂಗಸರಿಗೆ ಗರ್ಭಕೋಶದ ಕ್ಯಾನ್ಸರ್ ಕೂಡ ಬರಬಹುದು. ನಮ್ಮಲ್ಲಿ "ದೊಡ್ಡಮ್ಮನಿಗೆ ಗರ್ಭಕೋಶ ತೆಗೆಸಿದ್ರು" ಅಂತಷ್ಟೇ ಹೇಳಿ ಮುಗಿಸುತ್ತಾರೆ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಡಾಕ್ಟರು ಮನೆತನದ ವಿಚಾರ ಕೇಳಿದಾಗ ದೊಡ್ಡಮ್ಮ ನೆನಪಿಗೇ ಬರುವುದಿಲ್ಲ.

ಈ ಕಾಯಿಲೆಯ ಕತೆ ಶುರುವಾಗಿದ್ದೇ ಮನೆಯ ಹೆಂಗಸೊಬ್ಬಳು ಬಾಯಿ ಬಿಟ್ಟಿದ್ದರಿಂದ. 1895ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಡಾ. ಆಲ್ಡ್ರೆಡ್ ವಾರ್ತಿನ್ ಹತ್ತಿರ, ನಮ್ಮವರೆಲ್ಲ ಕ್ಯಾನ್ಸರಿನಿಂದಲೇ ಸತ್ತರು, ನಾನೂ ಹಾಗೇ ಸಾಯುತ್ತೇನೆ ಅಂದಳು. ಮುಂದೆ ಹಾಗೇ ಆಯಿತು, ಗರ್ಭಕೋಶದ ಕ್ಯಾನ್ಸರ್. ವಾರ್ತಿನ್ ಅವಳ ಮನೆತನದ ವಿವರ ಕೂಡಿಸಿ 1913ರಲ್ಲಿ ಪ್ರಕಟಿಸಿದರು.

ಅವಳ ಕಾಲದಲ್ಲಿ ಗೊತ್ತಾದರೂ ಮಾಡುವಂಥದ್ದು ಏನೂ ಇರಲಿಲ್ಲ. ಈಗ ಇದೆ. ಫಿನ್‌ಲ್ಯಾಂಡಿನಲ್ಲಿ ಇಂಥ ಮನೆತನಗಳನ್ನು 15 ವರ್ಷ ಗಮನಿಸಿದರು. ಮೂರು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡಕರುಳಿನ ಒಳಗೆ ನೋಡುವ ಪರೀಕ್ಷೆ) ಮಾಡಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ 62% ಕಡಿಮೆ. ಅದರಿಂದ ಸತ್ತವರು ಒಬ್ಬರೂ ಇಲ್ಲ; ಮಾಡಿಸದವರಲ್ಲಿ 9 ಜನ. ಕೊಲೊನೊಸ್ಕೋಪಿಯಲ್ಲಿ ಕಂಡ ಗಂಟನ್ನು ಕ್ಯಾನ್ಸರ್ ಆಗುವ ಮೊದಲೇ ಅಲ್ಲೇ ತೆಗೆದುಬಿಡುತ್ತಾರೆ, ಗುಟ್ಟು ಇಷ್ಟೇ. ಹಿಂದಿನ ದಿನ ಕುಡಿಯುವ ಭೇದಿ ಔಷಧಿಯೇ ದೊಡ್ಡ ಹಿಂಸೆ, ಒಪ್ಪುತ್ತೇನೆ.

ಮನೆಮಂದಿಯೆಲ್ಲ ಒಟ್ಟಿಗೆ ಓಡಬೇಕಿಲ್ಲ. ಮೊದಲು ರೋಗಿಯ ಗಡ್ಡೆಯ ತುಣುಕಿನ ಪರೀಕ್ಷೆ, ಆಮೇಲೆ ರೋಗಿಯದೇ ರಕ್ತದ ಪರೀಕ್ಷೆ. ಕೆಟ್ಟ ಜೀನ್ ಸಿಕ್ಕಿದರೆ ಒಡಹುಟ್ಟಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಇಲ್ಲ ಅಂತ ಬಂದವರಿಗೆ ಪದೇ ಪದೇ ಕೊಲೊನೊಸ್ಕೋಪಿಯ ಕಾಟವೂ ಇಲ್ಲ. ಅಕ್ಕನ ಮಗಳನ್ನೋ ಅತ್ತೆಮಗಳನ್ನೋ ತಂದುಕೊಳ್ಳುವ ನಮ್ಮಲ್ಲಂತೂ ಇದು ಮದುವೆಗೆ ಮುಂಚೆಯೇ ಗೊತ್ತಿರಬೇಕು. ಗಂಡ ಹೆಂಡತಿ ಇಬ್ಬರಲ್ಲೂ ಅದೇ ಜೀನ್ ಕೆಟ್ಟಿದ್ದರೆ ಮಕ್ಕಳಿಗೆ ಎಳೆ ವಯಸ್ಸಿನಲ್ಲೇ ಕ್ಯಾನ್ಸರ್ ಬರುವ ಅಪಾಯವಿದೆ.

ಹೇಳುವ ಭಾರವನ್ನೆಲ್ಲ ಕೀಮೋದಲ್ಲಿ ಸುಸ್ತಾದ ರೋಗಿಯ ತಲೆಗೇ ಕಟ್ಟುವುದು ಅನ್ಯಾಯ. ಡಿಸ್ಚಾರ್ಜ್ ಕಾಗದದ ಜೊತೆ ಅಣ್ಣತಮ್ಮ ಅಕ್ಕತಂಗಿಯರಿಗೆ ಅಂತ ಕನ್ನಡದಲ್ಲಿ ಒಂದು ಪತ್ರ ಕೊಡಲಿ. ಕೊಡದಿದ್ದರೆ ಕೇಳಿ ಬರೆಸಿಕೊಳ್ಳಿ.